ಅಲ್ಲಾಡಿಸಿದರೂ ಮಾತಾಡದ ಬೋಲ್ಟು

ಬಿಚ್ಚಿದ ಬೋಲ್ಟನ್ನೇ ಮತ್ತೆ ಹಾಕಬೇಕೋ ಬೇಡವೋ ಅನ್ನೋದು ಮೆಕ್ಯಾನಿಕ್ ಕಸುಬಿನ ನಿತ್ಯದ ಜಗಳ. ಮಾಯಸಂದ್ರದ ನನ್ನ ಗ್ಯಾರೇಜಿಗೆ ತೆಂಗಿನ ತೋಟದ ಯಜಮಾನರೊಬ್ಬರು ಕಾರು ತಂದಿದ್ದರು. ಮರುದಿನವೇ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಬಿಚ್ಚಿದ್ದ ಎಂಜಿನ್ ಹೆಡ್ಡಿಗೆ, ಅಂದರೆ ಎಂಜಿನ್ನಿನ ಮೇಲ್ಮುಚ್ಚಳಕ್ಕೆ, ಹೊಸ ಬೋಲ್ಟು ಬೇಕೆಂದರೆ ತುಮಕೂರಿಂದಲೇ ತರಬೇಕು, ಒಂದು ದಿನ ತಡ.

“ಹಳೇವೇ ಗಟ್ಟಿಯಾಗವೆ ಕಣಪ್ಪ.”

“ಬಿಗಿದೂ ಬಿಗಿದೂ ಜಗ್ಗಿರ್ತವೆ ಯಜಮಾನ್ರೇ, ಕಣ್ಣಿಗೆ ಕಾಣಲ್ಲ.”

ಅಟ್ಟದ ಕಾಯಿ ಒಣಗಿ, ಒಳಗೆ ಲೊಡಲೊಡ ಅನ್ನುವ ಕೊಬ್ಬರಿ ಆಯ್ತಾ ಅಂತ ನೋಡುವ ಹಾಗೆ, ಅವರು ಒಂದು ಬೋಲ್ಟನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಸದ್ದಿಲ್ಲ.

“ಕಾಯಾದ್ರೂ ಒಳಗಿಂದು ಹೇಳ್ತದೆ, ಇದು ಹೇಳಾಕಿಲ್ಲ. ಬಸುರಿ ಕೂರೋ ಗಾಡಿ, ತಡ ಆದ್ರೆ ಆಗ್ಲಿ, ಹೊಸವೇ ಹಾಕ್ಬುಡು.”

ಮಾರನೆಯ ದಿನ ಹೊಸ ಬೋಲ್ಟನ್ನೂ ಕಿವಿಯ ಹತ್ತಿರ ಅಲ್ಲಾಡಿಸಿದರು. ಅದೂ ಸುಮ್ಮನಿತ್ತು. ಅವರ ಕೈಯಿಂದ ಇಸ್ಕೊಂಡು ಬಿಗಿದೆ.