ಡ್ರಿಲ್ ಮೇಷ್ಟ್ರ ಪಾಪ್‌ಕಾರ್ನ್

ನಮ್ಮ ಮಾವ ಗುಬ್ಬಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರಾಗಿದ್ದವರು. ಜೀವಮಾನವೆಲ್ಲ ಬೇರೆಯವರಿಗೆ ಓಡು, ನಿಲ್ಲು, ಕೈ ಎತ್ತು ಎಂದು ಹೇಳಿಯೇ ಅಭ್ಯಾಸ. ನಿವೃತ್ತರಾದ ಮೇಲೆ ಅವರೂ ಅತ್ತೆಯೂ ಮರಳೂರಿನಲ್ಲಿ ನಮ್ಮ ಜೊತೆಗೇ ಇದ್ದಾರೆ. ಒಂದು ಸಲ ತಲೆಸುತ್ತು ಬಂತೆಂದು ಕರೆದುಕೊಂಡು ಹೋದಾಗ ಡಾಕ್ಟರು ಬಿ.ಪಿ. ನೋಡಿ, ಮಾತ್ರೆ ಬರೆದುಕೊಟ್ಟು, "ಕರಿದದ್ದು ಬೇಡ. ಉಪ್ಪು ಅರ್ಧಕ್ಕೆ ಇಳಿಸಿ" ಎಂದರು. ತಮಗೂ ಆಜ್ಞೆ ಮಾಡುವವರೊಬ್ಬರು ಹುಟ್ಟಿಕೊಂಡರಲ್ಲ ಎಂಬ ಅವಮಾನ ಮಾವನ ಮುಖದಲ್ಲೇ ಕಾಣುತ್ತಿತ್ತು.

ಮಾತ್ರೆಗೆ ಒಪ್ಪಿದರು, ಸಪ್ಪೆ ಸಾರಿಗೂ ಒಪ್ಪಿದರು. ತೊಂದರೆಯಾಗಿದ್ದು ಸಂಜೆಯ ಕಾಫಿ ಹೊತ್ತಿನಲ್ಲಿ. ನಾನು ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮುಗಿಸಿ ಮನೆಗೆ ಬಂದು ಸೌತೆಕಾಯಿ ಹೆಚ್ಚಿಟ್ಟರೆ, "ಇದು ಮೊಲ ತಿನ್ನೋದು ಕಣಮ್ಮ" ಎನ್ನುತ್ತಿದ್ದರು. ಮೊಳಕೆಕಾಳು ಕೊಟ್ಟರೆ ಅತ್ತೆಯ ಕಡೆ ತಳ್ಳುತ್ತಿದ್ದರು. ಆಮೇಲೆ ವಾಕಿಂಗ್ ಎಂದು ಹೊರಟವರು ತುಂಬಾ ತೃಪ್ತಿಯಿಂದ ವಾಪಸು ಬರುತ್ತಿದ್ದರು. ಒಂದು ಸಂಜೆ ನಾನು ಸ್ಕೂಟರಿನಲ್ಲಿ ಬರುವಾಗ ಬಜ್ಜಿ ಗಾಡಿಯ ಮುಂದೆ ಅವರನ್ನು ಕಂಡೆ. ಕೈಯಲ್ಲಿ ಮೆಣಸಿನಕಾಯಿ ಬಜ್ಜಿ, ಅದರ ಮೇಲೆ ಉಪ್ಪು ಖಾರ. ಅವರೂ ನನ್ನನ್ನು ನೋಡಿದರು.

ಮನೆಗೆ ಬಂದವರು ಅಡುಗೆಮನೆ ಬಾಗಿಲಲ್ಲಿ ನಿಂತುಕೊಂಡರು.

"ಬಾಯಿಗೆ ಏನಾರ ಕರುಂ ಕುರುಂ ಅನ್ನೋದು ಬೇಕು ಕಣಮ್ಮ. ಮೆತ್ತಗಿರೋದ್ನೇ ತಿನ್ಕೊಂಡು ಎಷ್ಟ್ ದಿನ ಇರ್ಲಿ?"

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಎಲ್ಲವನ್ನೂ ಕಿತ್ತುಕೊಂಡ ನಾವು ಬದಲಿಗೆ ಏನನ್ನೂ ಕೊಟ್ಟಿರಲಿಲ್ಲ. ಮಾರನೆಯ ದಿನ ಅಂಗಡಿಯಿಂದ ಕುಕ್ಕರಿನಲ್ಲಿ ಹಾಕಿದರೆ ಅರಳುವ ಪಾಪ್‌ಕಾರ್ನ್ ಪ್ಯಾಕೆಟ್ ತಂದೆ. ಮಾವ ಬಟ್ಟಲು ಕೆಳಗಿಡಲಿಲ್ಲ. ನಾನೂ ಒಂದು ಹಿಡಿ ಬಾಯಿಗೆ ಹಾಕಿಕೊಂಡೆ. ಹಾಕಿಕೊಂಡ ಮೇಲೆ ಎರಡು ಲೋಟ ನೀರು ಬೇಕಾಯಿತು. ಪ್ಯಾಕೆಟ್ಟಿನ ಹಿಂದೆ ಸಣ್ಣಕ್ಷರದಲ್ಲಿದ್ದುದನ್ನು ಓದಿದರೆ ಕಾಳಿನ ಜೊತೆಗಿದ್ದುದು ಪಾಮ್ ಎಣ್ಣೆ ಮತ್ತು ಉಪ್ಪು. ಬಜ್ಜಿಯನ್ನು ಮನೆಗೇ ಕರೆದುಕೊಂಡು ಬಂದಂತಾಗಿತ್ತು. ಆದರೆ ಮಾವನಿಗೆ ಬೇಕಾಗಿದ್ದ ಸದ್ದು ಯಾವುದು ಎಂಬುದು ಗೊತ್ತಾಗಿತ್ತು. ಕಾಳನ್ನೇ ತಂದು ನಾವೇ ಅರಳಿಸಿದರೆ ಎಣ್ಣೆ, ಉಪ್ಪು ಎರಡೂ ನಮ್ಮ ಕೈಯಲ್ಲಿರುತ್ತವೆ, ಖರ್ಚೂ ಕಡಿಮೆ ಎಂದುಕೊಂಡೆ.

ನನ್ನ ತವರು ಕುಣಿಗಲ್ ತಾಲೂಕಿನ ಮಾರ್ಕೋನಹಳ್ಳಿ ಕಡೆ. ಅಲ್ಲಿ ನಮ್ಮಣ್ಣ ನಾಲೆ ನೀರಿನಲ್ಲಿ ಮುಸುಕಿನ ಜೋಳ ಬೆಳೆಯುತ್ತಾನೆ. ಮನೆಯಲ್ಲೇ ಜೋಳ ಇರುವಾಗ ಅಂಗಡಿಗೆ ಯಾಕೆ ಹೋಗಬೇಕು? ಹೇಳಿ ಕಳಿಸಿದೆ, ಒಂದು ಚೀಲ ಬಂತು. ಬಾಣಲೆಯಲ್ಲಿ ಎಣ್ಣೆ ಕಾಯಿಸಿ, ಜೋಳ ಹಾಕಿ, ತಟ್ಟೆ ಮುಚ್ಚಿ ಮಾವನೂ ನಾನೂ ಕಾದೆವು. ಸದ್ದೇ ಇಲ್ಲ. ಹೊಗೆ ಬಂತು. ತಟ್ಟೆ ತೆಗೆದರೆ ಕಾಳೆಲ್ಲ ಇದ್ದಲಿನಂತೆ ಕಪ್ಪಗಾಗಿದ್ದವು. ಅಣ್ಣನಿಗೆ ಫೋನ್ ಮಾಡಿದೆ.

"ಅದು ಕೋಳಿ ಫೀಡ್‌ಗೆ ಹೋಗೋ ಜೋಳ ಕಣೇ" ಎಂದು ಅವನು ಬಿದ್ದು ಬಿದ್ದು ನಕ್ಕ. "ಅರಳೋ ಜೋಳದ ಜಾತೀನೇ ಬೇರೆ. ಮೊದ್ಲೇ ಕೇಳಬಾರ್ದಾ?"

ಮಂಡಿಪೇಟೆಯ ಒಂದು ಅಂಗಡಿಯಲ್ಲಿ ಆ ಬೇರೆ ಜಾತಿ ಸಿಕ್ಕಿತು. ಸಣ್ಣದಾಗಿ, ಗುಂಡಗೆ, ಗಾಜಿನಂತೆ ಮಿನುಗುವ ಕಾಳು. ಪ್ಯಾಕೆಟ್ಟಿನ ಬೆಲೆಯ ಮುಂದೆ ಅದು ಏನೂ ಅಲ್ಲ. ಈ ಸಲ ಅರಳಿತು, ಆದರೆ ಅರ್ಧಂಬರ್ಧ. ಅರಳಿದ್ದೂ ಹಬೆಗೆ ಮೆತ್ತಗಾಗಿತ್ತು. ಇನ್ನು ಸಾಕು ಎಂದು ನಾನು ಪಾತ್ರೆ ತೊಳೆಯಲು ಹೊರಟಾಗ ಮಾವ ತಡೆದರು.

"ಬುಡಮ್ಮ, ನೀನು ಬೆಳಗಿಂದ ದುಡಿದು ಬಂದಿದೀಯ. ನಾಳೆಯಿಂದ ಇದನ್ನ ನಾನು ನೋಡ್ಕೋತೀನಿ."

ಅಡುಗೆಮನೆಯಲ್ಲಿ ಒಂದು ಲೋಟವನ್ನೂ ತೊಳೆದವರಲ್ಲ ನಮ್ಮ ಮಾವ. ಮಾರನೆಯ ದಿನದಿಂದ ಒಲೆಯ ಮುಂದೆ ಮೈದಾನದಲ್ಲಿ ನಿಂತ ಹಾಗೆ ನಿಂತರು. ತಳ ದಪ್ಪಗಿರುವ ಪಾತ್ರೆಯೇ ಆಗಬೇಕು ಎಂದು ಕಂಡುಕೊಂಡರು. ಒಂದೇ ಚಮಚ ಕಡಲೆಕಾಯಿ ಎಣ್ಣೆ, ಅದಕ್ಕೆ ಚಿಟಿಕೆ ಅರಿಸಿನ, ಮೊದಲು ಮೂರು ನಾಲ್ಕು ಕಾಳು. ಅವು ಚಟಪಟ ಅಂದಮೇಲೆ ಉಳಿದ ಕಾಳು ಹಾಕಿ ಪಾತ್ರೆಯನ್ನು ಒಂದು ಗಳಿಗೆ ಕೆಳಗಿಳಿಸುವುದು. "ಎಲ್ರೂ ಒಂದೇ ಲೈನಲ್ಲಿ ಬಿಸಿ ಆಗ್ಲಿ, ಒಬ್ಬ ಮುಂದೆ ಒಬ್ಬ ಹಿಂದೆ ಓಡಬಾರ್ದು" ಎನ್ನುವರು. ಮತ್ತೆ ಒಲೆಗಿಟ್ಟು, ಹಬೆ ಹೋಗುವಷ್ಟು ತಟ್ಟೆ ಸರಿಸಿ, ಪಾತ್ರೆಯನ್ನು ಕುಲುಕುತ್ತಾ ಕಿವಿಗೊಡುವರು. ಸದ್ದು ಬಿಟ್ಟು ಬಿಟ್ಟು ಕೇಳಿದಾಗ ಒಲೆ ಆರಿಸುವರು.

ರುಚಿಯ ಕೆಲಸ ಅತ್ತೆಯದು. ನೆರಳಲ್ಲಿ ಒಣಗಿಸಿದ ಕರಿಬೇವು, ಮೆಣಸು, ಜೀರಿಗೆ ಹುರಿದು ಪುಡಿ ಮಾಡಿದರು. ಉಪ್ಪನ್ನು ಮಿಕ್ಸಿಯಲ್ಲಿ ಹಿಟ್ಟಿನಂತೆ ನುಣ್ಣಗೆ ಮಾಡಿದ್ದರಿಂದ ಚಿಟಿಕೆ ಹಾಕಿದರೂ ಎಲ್ಲ ಕಡೆ ಹತ್ತಿತು. ಒಂದು ಭಾನುವಾರ ಪಾತ್ರೆಯ ತಟ್ಟೆ ತಾನಾಗಿ ಮೇಲೆದ್ದಿತು. ಅಡಿಯಲ್ಲಿ ಅರಳದ ಕಾಳೇ ಉಳಿದಿರಲಿಲ್ಲ. ವಸಂತನರಸಾಪುರದ ಫ್ಯಾಕ್ಟರಿಯಿಂದ ಆಗ ತಾನೇ ಶಿಫ್ಟ್ ಮುಗಿಸಿ ಬಂದ ನನ್ನ ಗಂಡ ಶೂ ಕೂಡ ಬಿಚ್ಚದೆ ಬಟ್ಟಲಿಗೆ ಕೈ ಹಾಕಿದರು. ಮಾವ ತಿಂದು, ಖಾಲಿ ಬಟ್ಟಲನ್ನು ನನ್ನ ಮುಂದೆ ಚಾಚಿದರು. ಅಷ್ಟು ಸಂತೋಷ ನನಗೆ ನನ್ನ ಸಾರನ್ನು ಯಾರು ಹೊಗಳಿದಾಗಲೂ ಆಗಿರಲಿಲ್ಲ.

ಆ ವರ್ಷವೇ ಗುಬ್ಬಿಯಲ್ಲಿ ಮಾವನ ಅಕ್ಕನ ಮೊಮ್ಮಗಳ ಕೂಸಿಗೆ ನಾಮಕರಣ. ಆ ಅಕ್ಕ ಮಾವನಿಗೂ ಮೇಷ್ಟ್ರು, ಅಷ್ಟು ಜೋರು. ಮಾವ ತಮಗೆಂದು ಪಾಪ್‌ಕಾರ್ನ್ ತುಂಬಿಕೊಂಡ ಡಬ್ಬಿಯ ಜೊತೆಗೆ ಒಂದು ಚೀಲ ಕಾಳನ್ನೂ ಪುಡಿಯ ಬಾಟಲಿಯನ್ನೂ ತೆಗೆದುಕೊಂಡರು. ಸಂಜೆ ಬೋಂಡದ ತಟ್ಟೆಗಳು ಬಂದಾಗ ಮೂಲೆಯಲ್ಲಿ ಕುಳಿತು ಡಬ್ಬಿ ಬಿಚ್ಚಿದರು. ಒಂದು ಮಗು ಕೈ ಚಾಚಿತು, ಅದರ ಹಿಂದೆ ಮನೆಯ ಮಕ್ಕಳೆಲ್ಲ ಬಂದರು. ಡಬ್ಬಿ ಖಾಲಿ. ಇನ್ನೂ ಬೇಕೆಂದು ಗಲಾಟೆ.

"ಏನ್ಲಾ, ಇಷ್ಟ್ ಮಕ್ಳಿಗೂ ಮಾಡಾಕ್ತೀಯೇನ್ಲಾ ನೀನು?" ಎಂದರು ಅಕ್ಕ. ಅಲ್ಲಿದ್ದ ಹೆಂಗಸರೆಲ್ಲ ನಕ್ಕರು.

"ಮಾಡ್ತೀನಿ ಕಣಕ್ಕ. ಪಾತ್ರೆ ಕೊಡು."

ಹಿತ್ತಲಿನ ಗ್ಯಾಸ್ ಒಲೆಯ ಮೇಲೆ ದೊಡ್ಡ ಪಾತ್ರೆ ಇಟ್ಟರು. ಅದರ ತಳ ಕಾಗದದಷ್ಟು ತೆಳ್ಳಗಿತ್ತು. ಒಲೆಯ ಉರಿಯೂ ಜೋರು. ಮೊದಲ ಸಲ ಹಾಕಿದ್ದು ಸೀದು ಹೋಯಿತು. ನಗು ಜಾಸ್ತಿಯಾಯಿತು. ಮಾವನ ಕುತ್ತಿಗೆಯ ನರ ಉಬ್ಬಿತ್ತು. ಅವರು ಸೋಲುವುದನ್ನು ಆ ಜನರ ಮುಂದೆ ನೋಡಲು ನನಗೆ ಆಗಲಿಲ್ಲ. ಸೊಸೆಯಾದವಳು ಮಧ್ಯೆ ಮಾತಾಡಬಾರದೇನೋ ಎಂಬುದು ಆ ಹೊತ್ತಿನಲ್ಲಿ ನೆನಪಿಗೇ ಬರಲಿಲ್ಲ. ಒಳಗೆ ಹೋಗಿ ಕಬ್ಬಿಣದ ದೋಸೆ ಹೆಂಚು ತಂದೆ.

"ಮಾವ, ಇದನ್ನ ಕೆಳಗಿಟ್ಟು ಇದರ ಮೇಲೆ ಪಾತ್ರೆ ಇಡೋಣ. ಉರಿ ತಳಕ್ಕೆ ನೇರವಾಗಿ ತಾಗಲ್ಲ."

ಮಾವ ಹೆಂಚನ್ನು ನೋಡಿದರು, ನನ್ನನ್ನು ನೋಡಿದರು. "ಇಡಮ್ಮ."

ಪಾತ್ರೆ ತೊಳೆದು, ಹೆಂಚು ಕಾಯಲು ಬಿಟ್ಟು, ಉರಿ ತಗ್ಗಿಸಿ ಮತ್ತೆ ಕಾಳು ಹಾಕಿದೆವು. ನಗುತ್ತಿದ್ದವರು ಸುತ್ತ ನಿಂತು ನೋಡತೊಡಗಿದರು. ಒಂದು ಸಿಡಿಯಿತು, ಆಮೇಲೆ ಎರಡು, ಆಮೇಲೆ ಶೀಟಿನ ಮೇಲೆ ಆಲಿಕಲ್ಲು ಸುರಿದ ಹಾಗೆ. ಮಾವ ಒಂದು ಕಡೆ, ನಾನು ಒಂದು ಕಡೆ ಬಟ್ಟೆಯಲ್ಲಿ ಹಿಡಿದು ಕುಲುಕಿದೆವು. ತಟ್ಟೆ ತೆಗೆದರೆ ಪಾತ್ರೆಯ ಬಾಯಿವರೆಗೂ ಹಳದಿ ಹೂವು.

"ಎಲ್ಲಾ ಲೈನಾಗಿ ನಿಂತ್ಕೊಳ್ಳಿ. ಗಿಡ್ಡಗಿರೋರು ಮುಂದೆ" ಎಂದು ಮಾವ ಗುಡುಗಿದರು. ಎಷ್ಟೋ ವರ್ಷದ ಮೇಲೆ ಆ ದನಿ ಹೊರಬಂದಿತ್ತು. ಮಕ್ಕಳು ಸಾಲಾಗಿ ನಿಂತರು, ಅವರ ಹಿಂದೆ ದೊಡ್ಡವರೂ ನಿಂತರು. ಚೀಲ ಬರಿದಾಗುವವರೆಗೆ ಒಲೆ ಆರಲಿಲ್ಲ.

ಅಕ್ಕ ಒಂದು ಹಿಡಿ ಬಾಯಿಗೆ ಹಾಕಿಕೊಂಡು, "ಉಪ್ಪು ಸಾಲ್ದು" ಎಂದರು. ಇನ್ನೊಂದು ಹಿಡಿ ತೆಗೆದುಕೊಂಡರು. ಸೆರಗಿನಲ್ಲಿ ಒಂದಿಷ್ಟು ಹಾಕಿಸಿಕೊಂಡು ಹೋಗಿ ಜಗಲಿಯಲ್ಲಿ ಕುಳಿತರು. ಬೋಂಡದ ತಟ್ಟೆಗಳು ಹಾಗೇ ಆರಿ ತಣ್ಣಗಾಗಿದ್ದವು.

ಮುಂದಿನ ತಪಾಸಣೆಯಲ್ಲಿ ಡಾಕ್ಟರು ಬಿ.ಪಿ. ಹತೋಟಿಗೆ ಬಂದಿದೆ ಎಂದರು. ಮಾತ್ರೆ, ನಡಿಗೆ, ಸಪ್ಪೆ ಸಾರು ಎಲ್ಲದಕ್ಕೂ ಅದರಲ್ಲಿ ಪಾಲಿದೆ ಎಂಬುದು ನನಗೆ ಗೊತ್ತು. ಮಾವ ಮಾತ್ರ ಡಾಕ್ಟರಿಗೆ ತಟ್ಟೆ ಎಷ್ಟು ಸರಿಸಬೇಕು ಎಂಬುದನ್ನು ಕೈಯಲ್ಲಿ ತೋರಿಸಿ ವಿವರಿಸಿದರು. ಬಜ್ಜಿ ಗಾಡಿಯ ಮುಂದೆ ಈಗಲೂ ನಡೆದು ಹೋಗುತ್ತಾರೆ, ನಿಲ್ಲುವುದಿಲ್ಲ.

ಅದಾಗಿ ಒಂದು ಸಂಜೆ ಗುಬ್ಬಿಯಿಂದ ಫೋನ್ ಬಂತು. ಅಕ್ಕ ಕಾಳು ತರಿಸಿಕೊಂಡು ಒಲೆ ಮುಂದೆ ನಿಂತಿದ್ದರು. ಮಾವ ಸ್ಪೀಕರ್ ಹಾಕಿ ಫೋನನ್ನು ಮೇಜಿನ ಮೇಲಿಟ್ಟರು.

"ಉರಿ ಸಣ್ಣ ಮಾಡಕ್ಕ. ಅವಸರ ಬೇಡ. ಹೆಂಚು ಇಟ್ಟಿದೀಯಾ?"

"ಇಟ್ಟಿವ್ನಿ ಕಣ್ಲಾ. ನಿನ್ ಸೊಸೆ ಮಾಡ್ದಂಗೇ ಇಟ್ಟಿವ್ನಿ."

ಮಾವ, ಅತ್ತೆ, ನಾನು ಮೂವರೂ ಫೋನಿನ ಕಡೆ ಬಾಗಿ ಕುಳಿತೆವು. ಆಮೇಲೆ ಗುಬ್ಬಿಯಲ್ಲಿ ಒಂದು ಕಾಳು ಸಿಡಿದದ್ದು ನಮಗೆ ಮರಳೂರಿನಲ್ಲಿ ಕೇಳಿಸಿತು.