ಆಲೆಮನೆಯಲ್ಲಿ ಮಕ್ಕಳ ಓಟು

ಮದ್ದೂರಿನಲ್ಲಿ ರೈಲಿಳಿದಾಗ ಮಾಗಿಯ ಮಂಜು ಇನ್ನೂ ಕರಗಿರಲಿಲ್ಲ. ನಾಲ್ಕಾಣೆ ಕೊಟ್ಟು ಮಳವಳ್ಳಿ ಕಡೆಯ ಬಸ್ಸು ಹತ್ತಿದೆ. ಯುದ್ಧ ಮುಗಿದಿದ್ದರೂ ಪೆಟ್ರೋಲಿನ ಬದಲು ಇದ್ದಲಿನ ಹೊಗೆಯಲ್ಲಿ ಓಡುವ ಬಸ್ಸಿನ ಕಾಲ ಮುಗಿದಿರಲಿಲ್ಲ. ಏರು ಬಂದಲ್ಲೆಲ್ಲ ಇಳಿದು ತಳ್ಳಿದೆವು; ದುಡ್ಡೂ ನಮ್ಮದೇ, ದುಡಿತವೂ ನಮ್ಮದೇ. ಗೆಳೆಯನೊಬ್ಬ ಮೇಷ್ಟರಾಗಿದ್ದ ಹಳ್ಳಿಯಲ್ಲಿ ಮಕ್ಕಳೇ ಓಟು ನಡೆಸುತ್ತಾರೆಂದು ಕೇಳಿ, ತಮಾಷೆ ನೋಡಿ ಬರೋಣವೆಂದು ಹೊರಟಿದ್ದೆ.

ಶಾಲೆಗೆ ಹೋದ ಮೇಲೆ ತಮಾಷೆ ಅಡಗಿತು. ಓಟಿಗಿಟ್ಟ ಪ್ರಶ್ನೆ ಇದು: ಕಬ್ಬು ಅರೆಯುವ ಕಾಲದಲ್ಲಿ ಮಕ್ಕಳನ್ನು ಶಾಲೆ ಬಿಡಿಸಿ ಗಾಣಕ್ಕೆ ಹಾಕಬಾರದು, ಹೌದೋ, ಅಲ್ಲವೋ? ಹೌದೆನ್ನುವವರು ಅವರೆಕಾಳನ್ನು, ಅಲ್ಲವೆನ್ನುವವರು ಹುರುಳಿಕಾಳನ್ನು ಮುಷ್ಟಿಯಲ್ಲಿ ಮುಚ್ಚಿ ತಂದು ಮಡಕೆಗೆ ಹಾಕಬೇಕು. ಗೆದ್ದರೆ ಎಲ್ಲರೂ ಚಾವಡಿಗೆ ಹೋಗಿ ಊರ ಯಜಮಾನರನ್ನು ಕೇಳುವುದು. ಮಡಕೆ ಮುಟ್ಟುವ ಹಕ್ಕು ಮೇಷ್ಟರಿಗೂ ಇರಲಿಲ್ಲ.

ಎಲ್ಲರೂ ಹಾಕಿದ ಮೇಲೆ, ಗಾಡಿ ರಿಪೇರಿ ಮಾಡುವ ಸಾಬರ ಮಗ ಬಶೀರ ಎದ್ದು ನಿಂತ. "ಕೆಂಪಿ ಇಲ್ದೆ ಎಂಗ್ಲಾ ಓಟು? ಗಾಣದಲ್ಲಿರೋಳು ಅವ್ಳು. ಮಡಕೇನೆ ಒತ್ಕೊಂಡ್ ಓಗನ ನಡೀರಿ."

ಕೆಂಪಿಗೆ ತಂದೆಯಿಲ್ಲ. ಆಲೆಮನೆ ಅವಳ ದೊಡ್ಡಪ್ಪ ಚನ್ನೇಗೌಡರದು. ಗಾಣದ ಎತ್ತುಗಳ ಹಿಂದೆ ಸುತ್ತುವುದು ಅವಳ ಕೆಲಸ. ಮಡಕೆ ಹೊತ್ತು ನಾವೆಲ್ಲ ಅಲ್ಲಿಗೆ ಹೋದಾಗ ಗೌಡರು ಗದರಿದರು: "ಓಟು ಗೀಟು ಎಲ್ಲ ಕಂದಾಯ ಕಟ್ಟೋರ್ಗೆ ಕಣ್ರಲಾ. ಕಬ್ಬಿನಾಲು ಕುಡ್ಕೊಂಡು ನಡೀರಿ."

"ಬ್ಯಾಡಿ ಗೌಡ್ರೆ. ಕೆಂಪಿ ಓಟು ಆಕೋಗಂಟ ನಾವು ಕುಡಿಯಾಕಿಲ್ಲ," ಎಂದ ಬಶೀರ.

ಆಲೆಮನೆಗೆ ಬಂದವರು ಕಬ್ಬಿನ ಹಾಲು ಕುಡಿಯದೆ ಹಿಂತಿರುಗಿದರೆ ಬೆಲ್ಲ ಪಾಕಕ್ಕೆ ಬರುವುದಿಲ್ಲವೆಂದು ಆ ಕಡೆಯವರ ನಂಬಿಕೆ. ಗೌಡರು ಕುದಿಯುವ ಕೊಪ್ಪರಿಗೆ ನೋಡಿದರು, ಮಕ್ಕಳ ಮುಖ ನೋಡಿದರು, ಕೊನೆಗೆ ಎತ್ತು ನಿಲ್ಲಿಸಿದರು. ಕೆಂಪಿ ಕೈ ತೊಳೆದು ಬಂದು, ಬಶೀರ ಕೊಟ್ಟ ಎರಡೂ ಬಗೆಯ ಕಾಳು ತೆಗೆದುಕೊಂಡು, ನಮಗೆ ಬೆನ್ನು ಮಾಡಿ ಓಟು ಹಾಕಿದಳು.

ಅಲ್ಲೇ ಮಡಕೆ ಸುರಿದು ನೋಡಿದರು. ಎಲ್ಲ ಅವರೆ, ಒಂದೇ ಒಂದು ಹುರುಳಿ.

"ಯಾವನ್ಲಾ ಅವ್ನು?" ಎಂದು ಬಶೀರ ರೇಗಿದ.

"ನಾನೇ ಕಣ್ಲಾ," ಎಂದಳು ಕೆಂಪಿ. "ನಾ ಬುಟ್ರೆ ನನ್ ತಮ್ಮನ್ನ ತಂದು ಆಕ್ತಾರೆ. ಅವ್ನಾರ ಓದ್ಲಿ ಬುಡು."

ಆಡಿದ ಮಾತಿಗೆ ತಪ್ಪಬಾರದೆಂದು ಮಕ್ಕಳು ಹಾಲು ಕುಡಿದರು. ನನಗೂ ಒಂದು ಲೋಟ ಕೊಟ್ಟರು. ತಮಾಷೆಗೆಂದು ಬಂದದ್ದಕ್ಕೆ ನಾಚಿಕೆಯಾಯಿತು.

ಚಾವಡಿಯಲ್ಲಿ ಬಶೀರ, ಕೆಂಪಿಯನ್ನೂ ಅವಳ ತಮ್ಮನನ್ನೂ ಸೇರಿಸಿ ಯಾವ ಮಕ್ಕಳನ್ನೂ ಗಾಣಕ್ಕೆ ಹಾಕಬಾರದೆಂದು ಕೇಳಿದ. ಯಜಮಾನರು ಎಲೆಯಡಿಕೆ ಮೆಲ್ಲುತ್ತ, "ಆಲೆ ಮುಗೀಲಿ, ನೋಡನ," ಎಂದರು. ಆಲೆ ಮುಗಿಯುವುದು ಪರೀಕ್ಷೆ ಕಳೆದ ಮೇಲೆ.

ನಾನು ಹಿಂತಿರುಗಿದ ಮಧ್ಯಾಹ್ನದ ಬಸ್ಸು ಆಲೆಮನೆಯ ಪಕ್ಕದಲ್ಲೇ ಹಾದುಹೋಯಿತು. ಕೆಂಪಿ ಎತ್ತುಗಳ ಹಿಂದೆ ಸುತ್ತುತ್ತಿದ್ದಳು. ಊರಿನ ಮಕ್ಕಳೆಲ್ಲ ಓಟಿನಲ್ಲಿ ಗೆದ್ದಿದ್ದರು. ಊರಲ್ಲಿ ನಡೆದದ್ದು ಮಾತ್ರ ಅವಳೊಬ್ಬಳ ಹುರುಳಿಕಾಳಿನ ಓಟು.