ಜೋಗಕ್ಕೆ ಬೆನ್ನು, ಮಂಡಕ್ಕಿಗೆ ಮುಖ

ಗೆಳೆಯರೇ, ೧೯೬೧ರ ಈ ಮಳೆಗಾಲದಲ್ಲಿ ಜೋಗಕ್ಕೆ ಹೋಗಿ ಈಗಷ್ಟೇ ಬಂದಿಳಿದೆ. ಜಲಪಾತ ಹೇಗಿತ್ತು ಎಂದು ನಮ್ಮ ಬಸ್ಸಿನವರನ್ನು ಮಾತ್ರ ಕೇಳಬೇಡಿ.

ದಾವಣಗೆರೆಯಿಂದ ಹೊರಟ ಪ್ರವಾಸದ ಬಸ್ಸು ಅದು. ನಾವು ಇಳಿದಾಗ ಆಕಾಶ ತಿಳಿಯಾಗಿತ್ತು, ನಾಲ್ಕು ಧಾರೆಗಳೂ ಎದುರಿಗೇ ಧುಮುಕುತ್ತಿದ್ದವು. ಗೈಡು ಹುರುಪಿನಿಂದ ಕೂಗಿದ: "ಈಗ್ಲೇ ನೋಡಿಬಿಡಿ ಸ್ವಾಮಿ. ಮೇಲೆ ಕಟ್ತಿರೋ ಅಣೆಕಟ್ಟು ಮುಗಿದ್ರೆ ಇಷ್ಟು ನೀರು ಮತ್ತೆ ನೋಡಕ್ಕೆ ಸಿಗಲ್ಲ!"

ನಮ್ಮ ಮುಂದಾಳು, ದವಸಧಾನ್ಯದ ಅಡತಿ ಅಂಗಡಿಯ ಸಾಹುಕಾರರು, ಟೋಪಿ ಸರಿಮಾಡಿಕೊಂಡರು. "ನೀರು ಎಲ್ಲಿಗೂ ಓಡಿ ಹೋಗಂಗಿಲ್ಲ ತಮ್ಮಾ. ಮೊದ್ಲು ಹೊಟ್ಟೆ ನೋಡ್ಕಳಾಣ. ಎಲ್ಲಾರೂ ಕೂಡ್ರಿ."

ಪೇಪರು ಹಾಸಿ ಖಾರಾ ಮಂಡಕ್ಕಿ ಸುರಿದರು. ಕಣಿವೆಯಿಂದ ಬೀಸಿದ ಗಾಳಿಗೆ ಅದು ಹಾರತೊಡಗಿತು. "ಗಾಳಿಗೆ ಅಡ್ಡ ಕೂಡ್ರಿ!" ಎಂದು ಸಾಹುಕಾರರ ಅಪ್ಪಣೆಯಾಯಿತು. ಇಡೀ ಬಸ್ಸಿನ ಜನ ಜೋಗಕ್ಕೆ ಬೆನ್ನು ಹಾಕಿ ಗೋಡೆಯಂತೆ ಕುಳಿತು ಮಂಡಕ್ಕಿಯನ್ನು ಕಾಪಾಡಿದರು. ಬೆನ್ನುಗಳಿಗೇ ಗೈಡು ಒಂದೊಂದು ಧಾರೆಯ ಹೆಸರು ಹೇಳಿದ. "ಈರುಳ್ಳಿ ಈ ಕಡೆ ಸರಸ್ರಿ" ಎಂಬುದೊಂದೇ ಅವನಿಗೆ ಸಿಕ್ಕ ಉತ್ತರ.

ಕೈ ತೊಳೆದು ತಿರುಗಿದರೆ ಮಂಜು ಕವಿದು ಕಣಿವೆಯೆಲ್ಲ ಬೆಳ್ಳಗಾಗಿತ್ತು. ಬರೀ ಸದ್ದು. "ಎಲ್ಲೈತೋ ಜೋಗ? ತೋರಸ್ತೀನಂತ ಕರ್ಕಂಡು ಬಂದು ಮೋಸ ಮಾಡ್ತೀಯಾ?" ಎಂದು ಸಾಹುಕಾರರು ಗೈಡನ ಮೇಲೆಯೇ ಏರಿ ಹೋದರು. ಹೊರಡುವವರೆಗೂ ಮಂಜು ಸರಿಯಲಿಲ್ಲ.

ವಾಪಸು ಬರುವಾಗ ಹರಿಹರದಲ್ಲಿ ಸಾಹುಕಾರರ ಬೀಗರು ಸಿಕ್ಕರು. "ಹೆಂಗಿತ್ರಿ ಜೋಗ? ನಾವೂ ಹೋಗಾಣ ಅಂತಿದೀವಿ."

"ಬ್ಯಾಡ್ರಿ," ಎಂದರು ಸಾಹುಕಾರರು. "ಗಾಳಿ ವಿಪರೀತ. ನೆಮ್ಮದಿಯಾಗಿ ಮಂಡಕ್ಕಿ ತಿನ್ನಾಕೂ ಬಿಡಂಗಿಲ್ಲ."